ವೇಗ ಹೆಚ್ಚಿಸಿದಾಗ ಮೋಟಾರು ಕಾರಿನ ಸದ್ದು: ಕಾರಣ ಮತ್ತು ಪರಿಹಾರ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗ ಕುಟುಂಬಗಳಿಗೆ ಮೋಟಾರು ಕಾರು ಇಂದು ದಿನಬಳಕೆಯ ವಾಹನವಾಗಿದೆ. ಆಕ್ಸಿಲರೇಟರ್ ಒತ್ತಿದೊಡನೆ ಕಾರು ಹಿಂದೆಂದೂ ಇಲ್ಲದಂತೆ ಅಬ್ಬರಿಸತೊಡಗಿದರೆ, ಕಿಟಕಿಯ ಗಾಜು ಏರಿಸಿ, ರೇಡಿಯೋ ಧ್ವನಿ ಹೆಚ್ಚಿಸಿ ಮುಂದೆ ಸಾಗುವವರೇ ಹೆಚ್ಚು. ಈ ಉದಾಸೀನತೆ ಸಲ್ಲದು. ಸದ್ದು ಯಂತ್ರದ ದೋಷವನ್ನು ಸೂಚಿಸುತ್ತದೆ. ಕೆಲವೊಮ್ಮೆ ಪ್ರಾಣಾಪಾಯವನ್ನೂ ಸೂಚಿಸುತ್ತದೆ.

ಎಂಜಿನ್ನಿನಲ್ಲಿ ಇಂಧನ ಉರಿದಾಗ ಉಂಟಾಗುವ ಬಿಸಿ ಅನಿಲವು ಮ್ಯಾನಿಫೋಲ್ಡ್, ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಸೈಲೆನ್ಸರ್‌ಗಳ ಮೂಲಕ ಹಾದು ಹಿಂಬದಿಯ ಕೊಳವೆಯಿಂದ ಹೊರಬೀಳುತ್ತದೆ. ವೇಗ ಹೆಚ್ಚಿಸಿದಾಗ ಅನಿಲದ ಪ್ರಮಾಣವೂ ಒತ್ತಡವೂ ಏರುತ್ತವೆ. ಆದ್ದರಿಂದ ನಿಧಾನವಾಗಿ ಚಲಿಸುವಾಗ ಗಮನಕ್ಕೆ ಬಾರದ ಸಣ್ಣ ರಂಧ್ರವೂ ಆಗ ಗುಡುಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಕಾರು ಬಹಳ ಕಡಿಮೆ ದೂರವಷ್ಟೇ ಓಡಿದರೆ ಸೈಲೆನ್ಸರ್ ಪೂರ್ಣ ಬಿಸಿಯಾಗದೆ, ಈ ನೀರು ಅಲ್ಲಿಯೇ ಉಳಿದು ತುಕ್ಕು ಹಿಡಿಸುತ್ತದೆ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿ ಹೊರಗಿನಿಂದ ಅದೇ ಕೆಲಸ ಮಾಡುತ್ತದೆ.

ದೋಷ ಪತ್ತೆಹಚ್ಚುವ ಮೊದಲ ಪರೀಕ್ಷೆ ಸರಳವಾದುದು. ಬಯಲಿನಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಬೇಕು. ಆಗಲೂ ಸದ್ದು ಬಂದರೆ ದೋಷವು ಎಂಜಿನ್ ಅಥವಾ ಹೊಗೆಕೊಳವೆಯ ಭಾಗದಲ್ಲಿರುತ್ತದೆ. ಕಾರು ಓಡುವಾಗ ಮಾತ್ರ ಬಂದರೆ ಚಕ್ರ, ಆಕ್ಸಲ್, ಇಲ್ಲವೇ ಭಾರ ಬಿದ್ದಾಗಲಷ್ಟೇ ತೋರುವ ಎಂಜಿನ್ ದೋಷವನ್ನು ಶಂಕಿಸಬೇಕು.

ಅನಂತರ ಸದ್ದಿನ ಸ್ವರೂಪವನ್ನು ಗಮನಿಸಬೇಕು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಟಿಕ್‌ಟಿಕ್ ಎಂದು, ಬಿಸಿಯಾದ ಮೇಲೆ ಸದ್ದು ತಗ್ಗಿದರೆ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ತಗಡು ಅದುರಿದಂತೆ ಕೇಳಿದರೆ ಶಾಖ ತಡೆಯುವ ತಗಡಿನ ಬೋಲ್ಟ್ ಸಡಿಲಗೊಂಡಿರಬಹುದು. ಬೆಲ್ಟ್ ಜಾರಿದರೆ ಕೀರಲು ಸದ್ದು ಬರುತ್ತದೆ. ಏರುದಾರಿಯಲ್ಲಿ ಲೋಹ ಬಡಿದಂಥ ಸದ್ದು ಬಂದರೆ ಇಂಧನ ಅಕಾಲದಲ್ಲಿ ಉರಿಯುತ್ತಿರುವ ಸಂಭವವಿದೆ. ಕಡಿಮೆ ಆಕ್ಟೇನ್ ಪೆಟ್ರೋಲ್ ಅಥವಾ ಸಿಲಿಂಡರಿನ ಇಂಗಾಲದ ಶೇಖರಣೆ ಇದಕ್ಕೆ ಕಾರಣವಾಗಬಹುದು. ತಿರುವಿನಲ್ಲಿ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಸಂದನ್ನೂ, ವೇಗದೊಡನೆ ಗುಂಯ್‌ಗುಡುವಿಕೆ ಬೆಳೆದರೆ ಚಕ್ರದ ಬೇರಿಂಗನ್ನೂ ಪರೀಕ್ಷಿಸಬೇಕು. ಎಂಜಿನ್ ಅಬ್ಬರಿಸಿದರೂ ಕಾರಿನ ವೇಗ ಏರದಿದ್ದರೆ ಕ್ಲಚ್ ಸವೆದಿರಬಹುದು.

ಇವುಗಳಲ್ಲಿ ಹೊಗೆಕೊಳವೆಯ ಸೋರಿಕೆಯನ್ನು ಒಂದು ದಿನವೂ ಅಲಕ್ಷಿಸಬಾರದು. ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಬೆರೆಯುವ ಅದರ ಶಕ್ತಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ನೆಲದ ತಗಡಿನ ಬಿರುಕುಗಳಿಂದ ಅದು ಒಳಸೇರಿದಾಗ, ಏರಿಸಿದ ಗಾಜುಗಳೇ ಅದನ್ನು ಹಿಡಿದಿಡುತ್ತವೆ. ಪ್ರಯಾಣದಲ್ಲಿ ತಲೆನೋವು, ತಲೆಸುತ್ತು, ಓಕರಿಕೆ, ಮಂಪರು ಕಾಣಿಸಿದರೆ, ಅದರಲ್ಲಿಯೂ ಇಬ್ಬರು ಮೂವರಿಗೆ ಒಮ್ಮೆಲೇ ಕಾಣಿಸಿದರೆ, ಕೂಡಲೇ ಎಂಜಿನ್ ನಿಲ್ಲಿಸಿ ಎಲ್ಲರೂ ಬಯಲಿಗೆ ಬಂದು ವೈದ್ಯರ ನೆರವು ಪಡೆಯಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಎಂದಿಗೂ ಚಾಲನೆಯಲ್ಲಿರಬಾರದು.

ದುರಸ್ತಿ ಬಹುಪಾಲು ಕಷ್ಟಸಾಧ್ಯವಲ್ಲ. ಗ್ಯಾಸ್ಕೆಟ್ ಬದಲಾವಣೆ, ಸಡಿಲ ಬೋಲ್ಟ್ ಬಿಗಿಯುವುದು, ಹರಿದ ರಬ್ಬರ್ ತೂಗುಪಟ್ಟಿ ಹಾಕಿಸುವುದು, ಸಣ್ಣ ರಂಧ್ರಕ್ಕೆ ಬೆಸುಗೆ ಹಾಕಿಸುವುದು ಸಾಮಾನ್ಯ ಕೆಲಸಗಳು. ತುಕ್ಕಿನಿಂದ ತಗಡು ತೆಳುವಾಗಿದ್ದರೆ ಬೆಸುಗೆ ನಿಲ್ಲದು; ಆ ಭಾಗವನ್ನೇ ಬದಲಿಸಬೇಕು. ಬಿಸಿ ಕೊಳವೆಗೆ ಬಟ್ಟೆ ಸುತ್ತಿದರೆ ಬೆಂಕಿ ಹತ್ತಬಹುದು. ಕೇವಲ ಜಾಕ್ ಮೇಲೆ ನಿಂತಿರುವ ಕಾರಿನ ಅಡಿಗೆ ಯಾರೂ ನುಸುಳಬಾರದು.

ಸದ್ದಿನಿಂದ ನೆರೆಹೊರೆಯವರಿಗೂ ತೊಂದರೆಯುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸೈಲೆನ್ಸರ್ ಕಡ್ಡಾಯವಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಗೊತ್ತುಪಡಿಸಿದವು. ಶಬ್ದಮಾನಕ ಉಲ್ಲಂಘಿಸುವ ವಾಹನ ಚಾಲಕರಿಗೆ 2019ರ ತಿದ್ದುಪಡಿಯು 10,000 ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿತು.

ಮೆಕ್ಯಾನಿಕ್ಕಿನ ಬಳಿ ಹೋಗುವ ಮುನ್ನ ಸದ್ದು ಯಾವಾಗ, ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳಿತು. ಪರಭಾಷೆಯ ಊರಿನಲ್ಲಿ ವಿವರಿಸಲು ಮಾತು ಸಾಲದಿದ್ದರೆ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದರೆ ಸಾಕು. ಸದ್ದಿಗೆ ಅನುವಾದ ಬೇಕಾಗುವುದಿಲ್ಲ. ಸಕಾಲದಲ್ಲಿ ಕಿವಿಗೊಟ್ಟರೆ ಹಣವೂ ಉಳಿಯುತ್ತದೆ, ಕುಟುಂಬದ ಕ್ಷೇಮವೂ ಉಳಿಯುತ್ತದೆ.