ನಡೆಯುತ್ತಿರುವಾಗ ಬಲಗುಂದುವ ಡೀಸೆಲ್ ಎಂಜಿನ್ನು



ಪೈರು ಕಾಳುಕಟ್ಟುವಾಗ ನೀರು ತಪ್ಪಿದರೆ ಫಸಲು ಜೊಳ್ಳಾಗುವುದು. ಆದಕಾರಣ ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನು ಚೆನ್ನಾಗಿ ಹೊರಟು, ಕೊಂಚ ಕಾಲದ ತರುವಾಯ ಬಲಗುಂದಿದರೆ, ಮೇಸ್ತ್ರಿಯು ಬರುವವರೆಗೆ ಸುಮ್ಮನಿರಲಾಗದು; ಒಡನೆಯೇ ಬಿಚ್ಚಲೂ ಕೂಡದು.

ಮೊದಲು ಹೊಗೆಯನ್ನು ನೋಡತಕ್ಕದ್ದು. ಅದು ಕಪ್ಪಾಗಿದ್ದರೆ ಸಾಮಾನ್ಯವಾಗಿ ಗಾಳಿ ಸಾಲದು, ಇಲ್ಲವೆ ಹೊರೆ ಹೆಚ್ಚು. ಎಂಜಿನ್ನನ್ನು ನಿಲ್ಲಿಸಿ ಗಾಳಿಯ ಫಿಲ್ಟರನ್ನು ಶುದ್ಧಿಮಾಡಬೇಕು. ಹೊಗೆ ಕಪ್ಪಾಗದೆ ವೇಗ ಕುಗ್ಗಿದರೆ ಎಣ್ಣೆ ಸಾಲದೆಂದು ಶಂಕಿಸಬೇಕು.

ಆಗ ಎಣ್ಣೆಯ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸುವುದು. ಬಲ ಮರಳಿದರೆ ಮುಚ್ಚಳದ ಗಾಳಿರಂಧ್ರವು ಕಟ್ಟಿಕೊಂಡಿರುವುದೇ ಕಾರಣ. ಇಳಿದ ಎಣ್ಣೆಯ ಸ್ಥಳಕ್ಕೆ ಗಾಳಿ ಬಾರದಿದ್ದರೆ ಎಣ್ಣೆಯ ಹರಿವು ತಡೆಯುವುದು. ಮರಳದಿದ್ದರೆ ಎಂಜಿನ್ನನ್ನು ನಿಲ್ಲಿಸಿ, ಎಣ್ಣೆಯ ಫಿಲ್ಟರನ್ನು ಬದಲಿಸಿ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಬಿಡತಕ್ಕದ್ದು.

ಸೂಜಿಯಿಂದ ತೆರೆಯಬಹುದಾದ ರಂಧ್ರಕ್ಕಾಗಿ ಎಂಜಿನ್ನನ್ನು ಬಿಚ್ಚಿಸಿ, ಹಣವನ್ನೂ ಫಸಲನ್ನೂ ಕಳೆದುಕೊಳ್ಳುವುದು ವಿವೇಕವಲ್ಲ.