ಡಿ-ನೋಟಿಸ್: ಆಜ್ಞೆಯಲ್ಲ, ವಿನಂತಿ

ಸೆನ್ಸಾರ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 1975ರ ತುರ್ತು ಪರಿಸ್ಥಿತಿ. ಆಗ ಸುದ್ದಿ ಅಚ್ಚಾಗುವ ಮೊದಲು ಅಧಿಕಾರಿಯ ಮೇಜಿಗೆ ಹೋಗಬೇಕಿತ್ತು. ಅದು ಆಜ್ಞೆ. ಬ್ರಿಟನ್ನಿನಲ್ಲಿ 1912ರಿಂದ ನಡೆದು ಬಂದಿರುವುದು ಬೇರೆ ಬಗೆಯ ಏರ್ಪಾಡು. ಅಲ್ಲಿರುವುದು ವಿನಂತಿ, ಒಪ್ಪುವುದೂ ಬಿಡುವುದೂ ಸಂಪಾದಕರ ವಿವೇಚನೆ.

ಮೊದಲ ಮಹಾಯುದ್ಧಕ್ಕೆ ಎರಡು ವರ್ಷ ಮುಂಚೆ ನೌಕಾ ಇಲಾಖೆ, ಯುದ್ಧ ಇಲಾಖೆ ಮತ್ತು ಪತ್ರಿಕೆಗಳ ಪ್ರತಿನಿಧಿಗಳು ಸೇರಿ ಒಂದು ಸಮಿತಿ ಮಾಡಿಕೊಂಡರು. ರಕ್ಷಣೆಗೆ ಧಕ್ಕೆ ತರುವ ವಿಷಯಗಳ ಬಗ್ಗೆ ಅದು ಕಳಿಸುವ ಸೂಚನೆಯೇ ‘ಡಿ-ನೋಟಿಸ್’; ಡಿ ಎಂದರೆ ಡಿಫೆನ್ಸ್. ಮೀರಿದರೆ ದಂಡವಿಲ್ಲ, ಜೈಲಿಲ್ಲ. ಹಾಗೆಂದು ಪಾಲಿಸಿದವರಿಗೆ ಅಭಯವೂ ಇಲ್ಲ. ಅಧಿಕೃತ ರಹಸ್ಯ ಕಾಯ್ದೆ ಪಕ್ಕದಲ್ಲೇ ಕಾದಿರುತ್ತದೆ. (ನಮ್ಮ 1923ರ ಕಾಯ್ದೆಯೂ ಅದೇ ಕುಲದ್ದು.) ಸಮಿತಿಯ ಕಾರ್ಯದರ್ಶಿ ಸಾಮಾನ್ಯವಾಗಿ ಸೇನೆಯಿಂದ ನಿವೃತ್ತರಾದವರು. ಅನುಮಾನ ಬಂದ ಸಂಪಾದಕರು ಅವರನ್ನು ಕೇಳುತ್ತಾರೆ, ಅವರು ಸಲಹೆ ಕೊಡುತ್ತಾರೆ. ಎಲ್ಲವೂ ನಂಬಿಕೆಯ ಮೇಲೆ. ಆ ನಂಬಿಕೆ ಒಮ್ಮೆ ಹೇಗೆ ಮುರಿಯಿತು ನೋಡಿ.

1967ರ ಫೆಬ್ರುವರಿ. ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ವರದಿಗಾರ ಚಾಪ್‌ಮನ್ ಪಿಂಚರ್ ಅವರಿಗೆ ಒಂದು ಸುಳಿವು ಸಿಕ್ಕಿತು. ದೇಶದಿಂದ ಹೊರಹೋಗುವ ಖಾಸಗಿ ತಂತಿ, ಕೇಬಲ್ ಸಂದೇಶಗಳು ಭದ್ರತಾ ಅಧಿಕಾರಿಗಳ ಪರಿಶೀಲನೆಗೆ ಹೋಗಿ ಬರುತ್ತಿವೆ ಎಂಬುದು ಅದರ ತಿರುಳು. ಪಿಂಚರ್, ಸಮಿತಿಯ ಕಾರ್ಯದರ್ಶಿ ಕರ್ನಲ್ ಲೋಹನ್ ಅವರೊಡನೆ ಲಂಡನ್ನಿನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತು ಮಾತಾಡಿದರು. ಪ್ರಕಟಣೆ ಬೇಡವೆಂದು ಲೋಹನ್ ಮನವೊಲಿಸಲು ನೋಡಿದರು. ಆದರೆ ಇದಕ್ಕೆ ಡಿ-ನೋಟಿಸ್ ಅನ್ವಯಿಸುತ್ತದೆಯೇ? ಊಟ ಮುಗಿದರೂ ಆ ಮಾತು ಇತ್ಯರ್ಥವಾಗಿರಲಿಲ್ಲ.

21ರಂದು ವರದಿ ಹೊರಬಂತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಅಂದೇ ಸಂಸತ್ತಿನಲ್ಲಿ, ಪತ್ರಿಕೆ ಎರಡು ನೋಟಿಸುಗಳನ್ನು ಉಲ್ಲಂಘಿಸಿದೆ ಎಂದು ಆರೋಪಿಸಿದರು. ಲಾರ್ಡ್ ರಾಡ್‌ಕ್ಲಿಫ್ ನೇತೃತ್ವದ ಮೂವರ ಸಮಿತಿ ವಿಚಾರಣೆ ನಡೆಸಿತು. ನೋಟಿಸಿನ ಉಲ್ಲಂಘನೆ ಆಗಿಲ್ಲ, ವರದಿಯನ್ನು ಸುಳ್ಳೆನ್ನಲೂ ಬಾರದು ಎಂದಿತು. ಸರ್ಕಾರ ಮಾಡಿದ್ದೇನು? ಆ ತೀರ್ಪಿನ ಜೊತೆಗೇ ಅದನ್ನು ತಿರಸ್ಕರಿಸುವ ತನ್ನದೊಂದು ಶ್ವೇತಪತ್ರವನ್ನೂ ಹೊರಡಿಸಿತು! ಸಂಪಾದಕರು ಕೆರಳಿದರು. ಲೋಹನ್ ಹುದ್ದೆ ಬಿಟ್ಟರು. ಅದು ತಾನಾಗಿ ಮೈಮೇಲೆ ಎಳೆದುಕೊಂಡ ದುಬಾರಿ ತಪ್ಪೆಂದು ವಿಲ್ಸನ್ ತಮ್ಮ ನೆನಪುಗಳಲ್ಲಿ ಒಪ್ಪಿಕೊಂಡರು. ಈ ಜಗಳದ ನಡುವೆ, ತಂತಿ ಕಳಿಸಿದವರ ಮಾತು ಮಾತ್ರ ಹಿಂದೆ ಸರಿಯಿತು.

ಸಮಿತಿ ಉಳಿಯಿತು. ಗುಟ್ಟಾಗಿದ್ದ ನೋಟಿಸುಗಳನ್ನು 1993ರಲ್ಲಿ ಬಹಿರಂಗಪಡಿಸಲಾಯಿತು. 2015ರಲ್ಲಿ ಹೆಸರೂ ಬದಲಾಯಿತು. ನಡುವೆ, 2013ರಲ್ಲಿ, ಕೇಬಲ್ ಮತ್ತೆ ಸುದ್ದಿಗೆ ಬಂತು. ಈ ಬಾರಿ ಇಂಟರ್‌ನೆಟ್ ಹೊತ್ತೊಯ್ಯುವ ಕೇಬಲ್. ಅದಕ್ಕೆ ಬ್ರಿಟಿಷ್ ಗುಪ್ತಚರ ಸಂಸ್ಥೆ ಕಿವಿಗೊಟ್ಟಿದೆ ಎಂದು ಎಡ್ವರ್ಡ್ ಸ್ನೋಡೆನ್ ಕೊಟ್ಟ ದಾಖಲೆಗಳ ಆಧಾರದಲ್ಲಿ ‘ಗಾರ್ಡಿಯನ್’ ಬರೆಯಿತು. ವಿನಂತಿಯ ಕಾಲ ಅಲ್ಲಿ ಬೇಗ ಮುಗಿಯಿತು. ಸರ್ಕಾರದ ಒತ್ತಡಕ್ಕೆ ಮಣಿದ ಪತ್ರಿಕೆಯವರು ಜುಲೈ 20ರಂದು ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ, ಗುಪ್ತಚರ ಸಂಸ್ಥೆಯವರ ಕಣ್ಣೆದುರೇ, ಕಂಪ್ಯೂಟರ್ ಡಿಸ್ಕುಗಳನ್ನು ಕೊರೆದು ಹಾಳುಮಾಡಿದರು. ಪ್ರತಿಗಳು ಅಮೆರಿಕದಲ್ಲಿದ್ದವು. ವರದಿಗಳು ಬರುತ್ತಲೇ ಹೋದವು.