ಸೇವಾ ಸಂಸ್ಥೆ ಸೇರಿದರೆ ನಮಗೇನು ಲಾಭ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ನಿನ್ನ ಸಾಧನೆ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಎಂದು ಮೇಷ್ಟ್ರು ಫೋನ್ ಮಾಡಿದ್ದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವರು ಈಗ ನಮ್ಮ ಬೀದಿಗೆ ಹತ್ತು ಜನ ಇದ್ದಾರೆ. ಅದನ್ನು ಸಾಧನೆ ಎನ್ನಲು ನನಗೆ ಸಂಕೋಚ. ಅದರ ಬದಲು ಈ ಶಾಲೆಯ ಹೊಂಗೆ ಮರದ ಕೆಳಗೆ ನಡೆದ ಒಂದು ಸಂಗತಿ ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಎತ್ತರದ ಹುಡುಗ ಎಂದು ಕೊನೆಯ ಬೆಂಚು. ಬೋರ್ಡಿನ ಮೇಲೆ ಬರೆದದ್ದು ನನಗೆ ಬಿಳಿ ಹೊಗೆಯಂತೆ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ, ಅವರು ಜಾಣರು, ಊಹಿಸಿ ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಗಣಿತದಲ್ಲಿ ನೂರಕ್ಕೆ 22 ಬಂತು. ನನ್ನ ತಲೆಗೆ ಹತ್ತುವುದಿಲ್ಲ ಎಂದು ನಾನೂ ಒಪ್ಪಿಕೊಂಡೆ, ಮನೆಯವರೂ ಒಪ್ಪಿಕೊಂಡರು. ಎಸ್ಸೆಸ್ಸೆಲ್ಸಿ ಆದಮೇಲೆ ಗ್ಯಾರೇಜಿಗೆ ಸೇರಿಸುವುದು ಎಂದು ಮಾತೂ ಆಗಿತ್ತು.

ಆಗ ಒಂದು ಸೇವಾ ಸಂಸ್ಥೆಯವರು ಕಣ್ಣಿನ ತಪಾಸಣೆಗೆ ಬಂದರು. ಅಕ್ಷರದ ಹಲಗೆಯ ಮೂರನೇ ಸಾಲು ನನಗೆ ಓದಲಾಗಲಿಲ್ಲ. ಹದಿನೈದು ದಿನ ಬಿಟ್ಟು ಅವರೇ ಮತ್ತೆ ಬಂದು ಕನ್ನಡಕ ಹಾಕಿದರು. ತಲೆ ಎತ್ತಿ ನೋಡಿದೆ. ಹೊಂಗೆ ಮರದ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಕಂಡಿತು. ನಾನು ದಡ್ಡನಾಗಿರಲಿಲ್ಲ. ನನಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೆ. ಆ ಪುಣ್ಯಾತ್ಮರ ಹೆಸರನ್ನೂ ನಾನು ಕೇಳಲಿಲ್ಲ.

ಮುಂದೆ ಕೆಲಸ ಸಿಕ್ಕಿತು. ಋಣ ತೀರಿಸಬೇಕು ಎಂದು ಈ ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಡಿಸಿದೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಎರಡು ವರ್ಷ ಬಿಟ್ಟು ಬಂದು ನೋಡಿದರೆ ನಾಲ್ಕರ ಮೇಲೂ ಬಟ್ಟೆ ಮುಚ್ಚಿತ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು, ವೈರುಗಳನ್ನು ಇಲಿ ಕಡಿದಿತ್ತು. ತಪ್ಪು ಶಾಲೆಯದಲ್ಲ, ನನ್ನದು. ನಮ್ಮ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆದುಕೊಟ್ಟ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುವ ತಂಡ ಇರುತ್ತದೆ. ಆ ಕೆಲಸಕ್ಕೇ ಸಂಬಳ ಪಡೆಯುವ ನಾನು ಶಾಲೆಯ ವಿಷಯದಲ್ಲಿ ಅದನ್ನು ಮರೆತಿದ್ದೆ.

ಕಣ್ಣಿನ ತಪಾಸಣೆಗೆ ಬಂದವರಿಗೂ ನನಗೂ ಇದ್ದ ವ್ಯತ್ಯಾಸ ಆಗ ಹೊಳೆಯಿತು. ಅವರು ಎರಡನೇ ಸಲ ಬಂದಿದ್ದರು. ಒಬ್ಬನೇ ಇದ್ದರೆ ಕೊಡಬಹುದು; ಮತ್ತೆ ಮತ್ತೆ ಬರಲು ಸಂಘ ಬೇಕು. ಮರುತಿಂಗಳೇ ಯಲಹಂಕದ ಒಂದು ಸೇವಾ ಸಂಸ್ಥೆಗೆ ಸದಸ್ಯನಾದೆ.

ಇಂಥ ಸಂಸ್ಥೆಗಳು ಹುಟ್ಟಿದ್ದೂ ಸಣ್ಣದಾಗಿಯೇ. 1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಕುಳಿತು ರೋಟರಿ ಆರಂಭಿಸಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು. ಲಯನ್ಸ್ ಶುರುವಾದದ್ದು 1917ರಲ್ಲಿ. 1925ರ ಲಯನ್ಸ್ ಸಮ್ಮೇಳನಕ್ಕೆ ಬಂದ ಹೆಲನ್ ಕೆಲ್ಲರ್, ಅಂಧರಿಗಾಗಿ ಕೆಲಸ ಮಾಡಿ ಎಂದು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಸೇವೆ ಅವರ ಮುಖ್ಯ ಕೆಲಸವಾಯಿತು.

ಪೋಲಿಯೋ ಕಥೆ ನಿಮಗೆಲ್ಲ ಗೊತ್ತು. ರೋಟರಿ 1985ರಲ್ಲಿ ಆ ಕೆಲಸಕ್ಕೆ ಕೈ ಹಾಕಿತು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ನಡೆಯಿತು. ಭಾನುವಾರ ತಮ್ಮ ತಂಗಿಯರನ್ನು ಎತ್ತಿಕೊಂಡು ಹೋಗಿ ಎರಡು ಹನಿ ಹಾಕಿಸಿ, ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುತ್ತಿದ್ದೆವಲ್ಲ, ಅದೇ. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು, ಸ್ವಯಂಸೇವಕರು ಸೇರಿ ಮನೆಮನೆ ಸುತ್ತಿದರು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಒಂದೇ ಭಾನುವಾರ ಮಾಡಿ ಬಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಇನ್ನು, ಸೇರಿದವನಿಗೆ ಏನು ಲಾಭ? ಮೊದಲನೆಯದು, ಊರು ಪರಿಚಯವಾಗುತ್ತದೆ. ನಾನು ದಿನವೂ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ಆಫೀಸಿಗೆ ಹೋಗಿ ಬರುತ್ತಿದ್ದೆ. ಅಮೆರಿಕದ ಸಹೋದ್ಯೋಗಿಯ ಮಗುವಿನ ಹೆಸರು ಗೊತ್ತಿತ್ತು, ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ. ಈಗ ಔಷಧಿ ಅಂಗಡಿಯವರು, ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರು, ನರ್ಸಮ್ಮ, ಎಲೆಕ್ಟ್ರಿಷಿಯನ್ ಎಲ್ಲರೂ ನನ್ನವರು. ಆ ನಾಲ್ಕು ಕಂಪ್ಯೂಟರುಗಳಲ್ಲಿ ಮೂರನ್ನು ಮತ್ತೆ ನಡೆಸಿದವರು ಆ ಎಲೆಕ್ಟ್ರಿಷಿಯನ್ ಅಣ್ಣನೇ.

ಎರಡನೆಯದು, ಕಲಿಕೆ. ಖಜಾಂಚಿಯಾಗಿ ಒಂದು ವರ್ಷ ಲೆಕ್ಕ ಬರೆದೆ. ಚಹಾದ ಖರ್ಚನ್ನೂ ಸಭೆಯ ಮುಂದೆ ಓದಬೇಕು. ನಾಲ್ಕು ಜನರೆದುರು ಮಾತನಾಡಲು ಕೈಕಾಲು ನಡುಗುತ್ತಿದ್ದವನು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೂರನೆಯದು, ಕಷ್ಟಕ್ಕೆ ಆಗುವ ಜನ. ನಮ್ಮ ತಂದೆಯವರ ಆಪರೇಷನ್ನಿಗೆ ರಾತ್ರಿ ರಕ್ತ ಬೇಕಾಯಿತು. ಒಂದು ಫೋನ್ ಮಾಡಿದೆ, ನಾಲ್ವರು ಬಂದರು. ಆರೋಗ್ಯವಂತರು 18ರಿಂದ 65 ವಯಸ್ಸಿನವರೆಗೆ ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ.

"ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುವ ಸಂಘಗಳೂ ಇವೆಯಲ್ಲ ಸಾರ್" ಎಂದು ನೀವು ಕೇಳಬಹುದು. ಇವೆ. ಅದಕ್ಕೇ ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ: ಹೋದ ವರ್ಷ ಹೋದ ಜಾಗಕ್ಕೆ ಈ ವರ್ಷವೂ ಹೋಗಿದ್ದಾರೆಯೇ? ಲೆಕ್ಕವನ್ನು ಸಭೆಯಲ್ಲಿ ಓದುತ್ತಾರೆಯೇ? ವರ್ಷದ ಶುಲ್ಕ ನಮ್ಮ ಕೈಗೆ ಎಟಕುತ್ತದೆಯೇ? ಎಟಕದಿದ್ದರೆ ನಾವೇ ಕಟ್ಟೋಣ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಈ ಶಾಮಿಯಾನದ ಕೆಳಗೆ ಏಳು ಜನ ಸಿಗುವುದಿಲ್ಲವೇ? ಮಕ್ಕಳಿಗೂ ದಾರಿಯಿದೆ: 12ರಿಂದ 18 ವರ್ಷದವರಿಗೆ ರೋಟರಿಯ ಇಂಟರಾಕ್ಟ್ ಕ್ಲಬ್ ಇದೆ.

ಹೋದ ವರ್ಷ ಹತ್ತಿರದ ಇನ್ನೊಂದು ಶಾಲೆಯಲ್ಲಿ ನಮ್ಮ ಸಂಸ್ಥೆಯ ತಪಾಸಣೆ ಇತ್ತು. ಅಕ್ಷರದ ಹಲಗೆ ಹಿಡಿಯುವ ಕೆಲಸ ನನ್ನದು. ಒಬ್ಬ ಹುಡುಗಿ ಮೂರನೇ ಸಾಲು ಓದಲಾಗದೆ, ಏನೋ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು. ಯಾವ ಬೆಂಚಮ್ಮಾ ಎಂದು ಕೇಳಿದೆ. ಕೊನೆಯದು ಎಂದಳು. ಎರಡು ವಾರ ಬಿಟ್ಟು ಅವಳ ಕನ್ನಡಕ ಕೊಡಲು ನಾನೇ ಹೋದೆ.

ನಮ್ಮ ಶಾಲೆಯ ಕೊನೆಯ ಬೆಂಚಿನಲ್ಲಿ ಇವತ್ತು ಯಾರಿದ್ದಾರೋ ಗೊತ್ತಿಲ್ಲ. ಆದ್ದರಿಂದ ಇಷ್ಟೇ ಕೇಳಿಕೊಳ್ಳುತ್ತೇನೆ. ಸುವರ್ಣ ಮಹೋತ್ಸವ ಇಂದಿಗೆ ಮುಗಿಯದಿರಲಿ. ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಗುರುಗಳು ಅನುಮತಿ ಕೊಟ್ಟರೆ, ಇದೇ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾನು ಇರುತ್ತೇನೆ. ಮೊದಲ ಕೆಲಸ, ಇಲ್ಲಿನ ಪ್ರತಿಯೊಂದು ಮಗುವಿನ ಕಣ್ಣಿನ ತಪಾಸಣೆ. ಎರಡನೇ ಕೆಲಸ, ಮತ್ತೆ ಬರುವುದು. ಆರು ಜನ ಜೊತೆಗೂಡಿ, ಸಾಕು.